ಗೈಡಿನ ಪ್ರಬಂಧ, ನಮ್ಮ ಪ್ರಬಂಧ

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಬಿರದವರು ನನ್ನನ್ನು ಪದ್ಯ ಓದುವುದಕ್ಕೆ ಕರೆಯಲಿಲ್ಲ. 'ಪದ್ಯ ಸಂಜೆಗಿರಲಿ, ನಮ್ಮ ಹುಡುಗರಿಗೆ ಪ್ರಬಂಧ ಬರೆಯೋದು ಹೇಗೆ ಅಂತ ಹೇಳಿ' ಅಂದರು. ಒಳ್ಳೆಯದೇ ಆಯಿತು. ಪದ್ಯಕ್ಕೆ ಚಪ್ಪಾಳೆ ಬೀಳುತ್ತದೆ. ಪ್ರಬಂಧಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ನಮ್ಮವರು ಎಡವಿ ಬೀಳುತ್ತಿರುವುದು ಅಲ್ಲೇ. ಪಿಯುಸಿಯ ಕನ್ನಡ ಪತ್ರಿಕೆಯಲ್ಲಿ, ಡಿಗ್ರಿ ಪರೀಕ್ಷೆಯಲ್ಲಿ, ಕೆಲಸಕ್ಕೆ ಕೂರುವ ಪರೀಕ್ಷೆಯಲ್ಲಿ. ಅದಕ್ಕಿಂತ ಹೆಚ್ಚಾಗಿ ತಹಸೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ, ಠಾಣೆಗೆ ಕೊಡುವ ದೂರಿನಲ್ಲಿ, ಪತ್ರಿಕೆಗೆ ಬರೆಯುವ ಕಾಗದದಲ್ಲಿ. ಇವೆಲ್ಲಕ್ಕೂ ಬೇಕಾದ ಬೆನ್ನುಮೂಳೆ ಒಂದೇ. ಅದನ್ನೇ ಇವತ್ತು ಹುಡುಕೋಣ.

ಮೊದಲು ನಮ್ಮ ಹುಡುಗ ಈಗ ಏನು ಬರೀತಿದಾನೆ ನೋಡೋಣ.

'ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು' ಅಂತ ವಿಷಯ ಕೊಡುತ್ತಾರೆ. ಕೇರಿಯಿಂದ ಬಂದ ಹುಡುಗ ಪೆನ್ನು ಹಿಡಿಯುತ್ತಾನೆ. ಪುರಾತನ ಕಾಲದಿಂದಲೂ ನಮ್ಮ ದೇಶದಲ್ಲಿ ಅಸ್ಪೃಶ್ಯತೆ ಬೇರೂರಿದೆ. ಅನೇಕ ಮಹನೀಯರು ಇದನ್ನು ಹೋಗಲಾಡಿಸಲು ಶ್ರಮಿಸಿದರು. ಸರ್ಕಾರ ಅನೇಕ ಕಾನೂನುಗಳನ್ನು ಜಾರಿಗೆ ತಂದಿದೆ. ಆದ್ದರಿಂದ ನಾವೆಲ್ಲರೂ ಒಂದೇ ತಾಯಿಯ ಮಕ್ಕಳಂತೆ ಬಾಳಬೇಕು. ಮುಗೀತು. ಎರಡು ಪುಟ ಆಯ್ತು.

ಇದನ್ನು ಬರೆದವರು ಯಾರು ಅಂತ ಓದಿದವರಿಗೆ ತಿಳಿಯುತ್ತದೆಯೆ? ಅಗ್ರಹಾರದ ಹುಡುಗನೂ ಇದನ್ನೇ ಬರೆದಿದ್ದಾನೆ, ಗೌಡರ ಮಗನೂ ಇದನ್ನೇ ಬರೆದಿದ್ದಾನೆ. ಬೊಗಸೆಯೊಡ್ಡಿ ನೀರು ಕುಡಿದವನ ಪ್ರಬಂಧವೂ ಮೇಲಿನಿಂದ ನೀರು ಹುಯ್ದವನ ಪ್ರಬಂಧವೂ ಒಂದೇ ಆಗಿಬಿಟ್ಟಿದೆ. ಇಬ್ಬರೂ ಒಂದೇ ಗೈಡು ಕೊಂಡಿದ್ದಾರೆ. ಈಗ ಗೈಡಿನ ಜಾಗಕ್ಕೆ ಮೊಬೈಲು ಬಂದಿದೆ, ವಾಕ್ಯಗಳು ಅವೇ.

ಗೈಡಿಗೂ ಒಂದು ಕ್ರಮ ಇದೆಯಲ್ಲ ಅಂತ ನೀವು ಕೇಳಬಹುದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ನಿಜ. ಆ ಹೆಸರುಗಳಲ್ಲಿ ನನಗೆ ತಕರಾರಿಲ್ಲ. ಮೇಷ್ಟ್ರು ಕೇಳಿದರೆ ಹಾಗೇ ಹೆಸರಿಟ್ಟು ಬರೆಯಿರಿ. ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ಗೈಡಿನ ಪ್ರಬಂಧದ ನಡುವಿನ ಪ್ಯಾರಾಗಳನ್ನು ಕತ್ತರಿಯಲ್ಲಿ ಕತ್ತರಿಸಿ. ಇಸ್ಪೀಟು ಕಲೆಸಿದ ಹಾಗೆ ಕಲೆಸಿ. ಮತ್ತೆ ಹೇಗೆ ಬಂತೋ ಹಾಗೆ ಅಂಟಿಸಿ ಓದಿ. ಏನೂ ಕೆಡುವುದಿಲ್ಲ! ಮಹನೀಯರು ಮೊದಲು ಬಂದರೂ ಸರಿ, ಕಾನೂನು ಮೊದಲು ಬಂದರೂ ಸರಿ. ಯಾವ ಪ್ಯಾರಾ ಎಲ್ಲಿ ಇಟ್ಟರೂ ಕೆಡದೆ ಇದ್ದರೆ ಅದಕ್ಕೆ ಕ್ರಮ ಇಲ್ಲ ಅಂತ ಅರ್ಥ. ಅದು ಗೋಡೆಯಲ್ಲ, ಇಟ್ಟಿಗೆ ರಾಶಿ.

ಹಾಗಾದರೆ ಕ್ರಮ ಅಂದರೇನು? ಅದನ್ನು ಕಾಲೇಜಿನಿಂದ ತರಬೇಕಾಗಿಲ್ಲ. ನಮ್ಮ ಅವ್ವಂದಿರಿಗೆ ಅದು ಗೊತ್ತು. ಸೊಸೈಟಿ ಮುಂದೆ ಅಕ್ಕಿಗೆ ನಿಂತು ಜಗಳಾಡುವ ಹೆಂಗಸಿನ ಮಾತು ಕೇಳಿದ್ದೀರಲ್ಲ? 'ಬಿಲ್ಲಲ್ಲಿ ಹತ್ತು ಕೆಜಿ ಅಂತ ಹೊಡ್ದಿದೀಯ, ಚೀಲದಲ್ಲಿ ಎಂಟೇ ಅದೆ. ನಂದೊಂದೇ ಅಲ್ಲ, ಕೆಳಗಿನ ಮನೆಯವಳದೂ ಎಂಟೇ. ಸ್ಟಾಕು ಬಂದಿಲ್ಲ ಅಂತೀಯ, ಮೂಟೆ ಹಿಂದ್ಗಡೆ ಕಾಣ್ತಾ ಅದೆ. ಇನ್ನೆರಡು ಕೆಜಿ ಹಾಕು, ಇಲ್ದಿದ್ರೆ ಬಿಲ್ಲು ತಿದ್ದು.'

ಇದನ್ನು ಬಿಡಿಸಿ ನೋಡಿ. ಮೊದಲ ಮಾತಿನಲ್ಲಿ ಏನಾಗಿದೆ ಅಂತ ಹೇಳಿದಳು. ಎರಡನೆಯದರಲ್ಲಿ ಇದು ತನ್ನೊಬ್ಬಳ ಪಾಡಲ್ಲ ಅಂತ ಸಾಕ್ಷಿ ಕೊಟ್ಟಳು. ಮೂರನೆಯದರಲ್ಲಿ ಎದುರಿನವನು ಹೇಳಬಹುದಾದ ನೆಪವನ್ನು ತಾನೇ ಎತ್ತಿ ತಾನೇ ಮುರಿದಳು. ನಾಲ್ಕನೆಯದರಲ್ಲಿ ಏನು ಬೇಕು ಅಂತ ಕೇಳಿದಳು. ಇದರಲ್ಲಿ ಯಾವ ಮಾತನ್ನು ಹಿಂದುಮುಂದು ಮಾಡಿದರೂ ಅಂಗಡಿಯವನು ತಪ್ಪಿಸಿಕೊಂಡುಬಿಡುತ್ತಾನೆ. ಮೊದಲೇ 'ಎರಡು ಕೆಜಿ ಹಾಕು' ಅಂದಿದ್ದರೆ 'ಹೋಗಮ್ಮ' ಅಂದುಬಿಡುತ್ತಿದ್ದ.

ಕ್ರಮ ಅಂದರೆ ಇದು. ಎದುರಿಗಿರುವವನು ತಪ್ಪಿಸಿಕೊಳ್ಳುವ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗುವುದು. ಪ್ರಬಂಧದ ಅಂದ ಆಮೇಲಿನ ಮಾತು.

ನಮ್ಮವರು ಹೀಗೆ ಬರೆದ ಉದಾಹರಣೆ ಇದೆಯಾ? ಇದೆ. ಬರೆದವಳು ನಿಮ್ಮ ಹಾಗೆ ಒಬ್ಬ ವಿದ್ಯಾರ್ಥಿನಿ. ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ನಡೆಸಿದ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾ ಸಾಳ್ವೆ. ನಮ್ಮ ಕಡೆ ಮಾದಿಗರಿದ್ದ ಹಾಗೆ ಅಲ್ಲಿ ಮಾಂಗರು, ಆ ಜಾತಿಯ ಹುಡುಗಿ. ಮಾಂಗರ, ಮಹಾರರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ಅವಳಿಗಿನ್ನೂ ಹದಿನಾಲ್ಕರ ಆಸುಪಾಸಿನ ವಯಸ್ಸು.

ಆ ಹುಡುಗಿ ಅಸ್ಪೃಶ್ಯತೆ ಪಿಡುಗು ಅಂತ ಶುರು ಮಾಡಲಿಲ್ಲ. ಒಂದು ತರ್ಕ ಹಿಡಿದಳು. ವೇದ ಬ್ರಾಹ್ಮಣರದು ಮಾತ್ರ, ನಾವು ಅದನ್ನು ನೋಡಲೂ ಬಾರದು ಅನ್ನುವುದಾದರೆ ನಮಗೆ ಧರ್ಮಗ್ರಂಥವೇ ಇಲ್ಲ ಅಂತಾಯಿತಲ್ಲ, ಹಾಗಾದರೆ ನಮ್ಮ ಧರ್ಮ ಯಾವುದು? ಅವರದೇ ಮಾತು ಹಿಡಿದು ಅವರನ್ನೇ ಕೇಳಿದಳು. ಆಮೇಲೆ ಪೇಶ್ವೆ ಬಾಜಿರಾಯನ ಕಾಲದಲ್ಲಿ ತಾಲೀಮುಖಾನೆಯ ಮುಂದೆ ಹಾದುಹೋದ ಮಾಂಗ, ಮಹಾರರ ತಲೆ ಕಡಿದು, ಕತ್ತಿಯನ್ನು ದಾಂಡು ಮಾಡಿ ತಲೆಯನ್ನು ಚೆಂಡು ಮಾಡಿ ಆಡುತ್ತಿದ್ದರು ಅಂತ ಬರೆದಳು. ಮನೆಗೆ ಸೂರಿಲ್ಲದೆ ಮಳೆಯಲ್ಲಿ ಚಳಿಯಲ್ಲಿ ಹೆರುವ ಹೆಂಗಸರ ಸಂಕಟ ಬರೆದಳು. ಕೊನೆಗೆ ತನ್ನ ಜನರ ಕಡೆ ತಿರುಗಿ, ವಿದ್ಯೆಯೇ ನಿಮ್ಮ ಕಾಯಿಲೆಗೆ ಔಷಧಿ ಅಂದಳು. ತರ್ಕ, ಸಾಕ್ಷಿ, ಹೆಂಗಸಾಗಿ ಕಂಡ ಸತ್ಯ, ಕೊನೆಗೆ ಕರೆ. ನೂರ ಎಪ್ಪತ್ತು ವರ್ಷದ ಹಿಂದೆ ನಮ್ಮ ಹುಡುಗಿಯೊಬ್ಬಳು ಗೈಡಿಲ್ಲದೆ ಬರೆದಳು.

ಇನ್ನೊಂದು ಉದಾಹರಣೆ ಬಾಬಾಸಾಹೇಬರದು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಅವರು ಒಂದು ಪ್ರಬಂಧ ಓದಿದರು. ಭಾರತದಲ್ಲಿ ಜಾತಿಗಳು ಹೇಗೆ ಹುಟ್ಟಿದವು, ಹೇಗೆ ಹರಡಿದವು ಅನ್ನೋದು ವಿಷಯ. ಆಗ ಅವರಿಗೆ 25 ವರ್ಷ. ಇಲ್ಲಿ ಕೂತ ಕೆಲವು ಎಂ.ಎ. ಹುಡುಗರ ವಯಸ್ಸು. ಅವರು ಹೇಗೆ ಕಟ್ಟಿದರು ನೋಡಿ.

ಮೊದಲು, ಜಾತಿ ಅಂದರೇನು ಅಂತ ಅವರಿಗಿಂತ ಮುಂಚೆ ಹೇಳಿದ್ದ ನಾಲ್ವರು ವಿದ್ವಾಂಸರ ವ್ಯಾಖ್ಯೆಗಳನ್ನು ಎದುರಿಗಿಟ್ಟುಕೊಂಡರು. ಪ್ರತಿಯೊಂದರಲ್ಲೂ ಏನು ಹಿಡಿದಿದ್ದಾರೆ, ಏನು ಬಿಟ್ಟಿದ್ದಾರೆ ಅಂತ ಸೋಸಿದರು. ಸೋಸಿ ಸೋಸಿ ಒಂದೇ ಒಂದು ಲಕ್ಷಣ ಉಳಿಸಿಕೊಂಡರು: ತಮ್ಮೊಳಗೇ ಹೆಣ್ಣು ಕೊಟ್ಟು ತರುವುದು, ಹೊರಗೆ ಕೊಡದೆ ಇರುವುದು. ಇದು ಅವರ ಮುಖ್ಯ ಮಾತು. ಮುಂದಿನದೆಲ್ಲ ಆ ಮಾತಿನ ಬೆನ್ನು ಹಿಡಿದೇ ಬರುತ್ತದೆ. ತಮ್ಮೊಳಗೇ ಮದುವೆ ನಡೆಯಬೇಕಾದರೆ ಗಂಡು ಹೆಣ್ಣಿನ ಲೆಕ್ಕ ಸರಿಯಿರಬೇಕು. ಗಂಡ ಸತ್ತರೆ ಹೆಣ್ಣೊಂದು ಹೆಚ್ಚಾಗುತ್ತದೆ. ಆಗ ಅವಳನ್ನು ಸುಡು, ಇಲ್ಲವೆ ವಿಧವೆ ಮಾಡಿ ಕೂರಿಸು. ಹೆಂಡತಿ ಸತ್ತರೆ ಗಂಡೊಂದು ಹೆಚ್ಚಾಗುತ್ತದೆ. ಅವನಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಮಗುವನ್ನು ಕಟ್ಟು. ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹ. ಎಲ್ಲರೂ ಬೇರೆ ಬೇರೆ ಪಿಡುಗು ಅಂತ ಬರೆಯುತ್ತಿದ್ದ ಮೂರನ್ನೂ ಅವರು ಒಂದೇ ದಾರದಲ್ಲಿ ಪೋಣಿಸಿಬಿಟ್ಟರು. ಆಮೇಲೆ ಇದು ಒಂದು ವರ್ಗದಿಂದ ಉಳಿದವರಿಗೆ ಹೇಗೆ ಹರಡಿತು ಅಂತ ಹೋದರು. ಕೊನೆಗೆ ಹೇಳಿದ್ದನ್ನೆಲ್ಲ ನಾಲ್ಕು ಅಂಶಕ್ಕೆ ಇಳಿಸಿ, ತಪ್ಪು ಅಂತ ತೋರಿಸಿದರೆ ಬಿಟ್ಟುಕೊಡಲು ಸಿದ್ಧ ಅಂದು ಮುಗಿಸಿದರು.

ಆ ಪ್ರಬಂಧದ ಪ್ಯಾರಾಗಳನ್ನು ಕತ್ತರಿಸಿ ಕಲೆಸಿ ನೋಡಿ. ಆಗೋದಿಲ್ಲ. ಹೆಣ್ಣಿನ ಲೆಕ್ಕ ಬರುವ ಮೊದಲು ಮದುವೆಯ ಕಟ್ಟು ಬರಲೇಬೇಕು. ಒಂದು ಸುತ್ತು ಮಣ್ಣು ಹಾಕಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಸುತ್ತು. ಊರವರ ಮನೆಗಳಿಗೆ ಗೋಡೆ ಎಬ್ಬಿಸಿದ ಕೈಗಳು ನಮ್ಮ ಅಪ್ಪಂದಿರವು. ಈ ಕೆಲಸ ನಮಗೆ ಹೊಸದಲ್ಲ.

ಈಗ ನಾವೇ ಒಂದು ಪ್ರಬಂಧ ಕಟ್ಟೋಣ. ಅದೇ ಹಳೇ ವಿಷಯ, ಅಸ್ಪೃಶ್ಯತೆ.

ಮೊದಲನೆಯದು, ವಿಷಯವನ್ನು ಕಿರಿದು ಮಾಡಿ. ಎರಡು ಪುಟದಲ್ಲಿ ಎರಡು ಸಾವಿರ ವರ್ಷ ಹಿಡಿಸುವುದಿಲ್ಲ. ನಿಮಗೆ ಗೊತ್ತಿರುವ ಒಂದು ಕಡೆ ಕಾಲೂರಿ. ಒಂದು ಊರು ಅಂದುಕೊಳ್ಳಿ. ಅಲ್ಲಿ ಕ್ಷೌರದಂಗಡಿ ಇದೆ, ಕೇರಿಯವರಿಗೆ ಮಾತ್ರ ಇಲ್ಲ. ತಲೆ ಕೂದಲು ತೆಗೆಸಲು ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಬೇಕು. ಇಂಥ ಊರು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಸಾಕು, ಅದೇ ವಿಷಯ.

ಎರಡನೆಯದು, ನಿಮ್ಮ ಮಾತನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ಕ್ಷೌರದಂಗಡಿಯಲ್ಲಿ ಅಸ್ಪೃಶ್ಯತೆ ಇದೆ' ಅಂದರೆ ಅದು ಸುದ್ದಿ, ಇನ್ನೂ ಮಾತಾಗಲಿಲ್ಲ. ಯಾಕೆ ಅಂತ ಕೇಳಿಕೊಳ್ಳಿ. ಕತ್ತರಿ ಹಿಡಿದವನು ದುಷ್ಟನೇ? ಅವನೂ ಊರ ಹಂಗಿನಲ್ಲಿ ಬದುಕುವವನು. ಕೇರಿಯವನ ತಲೆ ಮುಟ್ಟಿದ ದಿನ ಮೇಲಿನವರು ಅವನ ಅಂಗಡಿಗೆ ಬರುವುದು ನಿಲ್ಲಿಸುತ್ತಾರೆ. ಹಾಗಾದರೆ ವಾಕ್ಯ ಹೀಗೆ: 'ಕೇರಿಯವನಿಗೆ ಕ್ಷೌರ ನಿರಾಕರಿಸುತ್ತಿರುವುದು ಅಂಗಡಿಯವನೊಬ್ಬನಲ್ಲ, ಅವನ ಅನ್ನವನ್ನು ಕೈಯಲ್ಲಿ ಹಿಡಿದಿರುವ ಊರು.' ಇದಕ್ಕೆ ಯಾರಾದರೂ ಅಲ್ಲ ಅನ್ನಬಹುದು. ಅಲ್ಲ ಅನ್ನಲು ಬರುವಂಥ ಮಾತೇ ಪ್ರಬಂಧಕ್ಕೆ ತಕ್ಕ ಮಾತು. ಎಲ್ಲರೂ ಹೌದು ಹೌದು ಅನ್ನುವ ಮಾತಿಗೆ ಎರಡು ಪುಟ ಯಾಕೆ?

ಮೂರನೆಯದು, ಗೊತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಗೀಚಿ. ಬಸ್ ಚಾರ್ಜು, ಹಾಳಾದ ಅರ್ಧ ದಿನದ ಕೂಲಿ, ಅಂಗಡಿಯವನು ಹೇಳಿದ ನೆಪ, ಸಂವಿಧಾನ, ಗಾಂಧೀಜಿ, ಬಸವಣ್ಣ, ಹಬ್ಬದ ಹಿಂದಿನ ದಿನ ಮಕ್ಕಳ ತಲೆ ಅಪ್ಪನೇ ಕತ್ತರಿಸಿದ್ದು. ಆಮೇಲೆ ನಿಮ್ಮ ಒಂದು ವಾಕ್ಯದ ಹತ್ತಿರ ಒಂದೊಂದನ್ನೂ ಕರೆದು ನಿಲ್ಲಿಸಿ. 'ನಿನ್ನಿಂದ ಈ ಮಾತಿಗೆ ಏನು ಉಪಕಾರ?' ಉತ್ತರ ಹೇಳದವರನ್ನು ಹೊಡೆದುಹಾಕಿ. ಬಸವಣ್ಣನವರು ದೊಡ್ಡವರೇ. ಆದರೆ ಈ ಪ್ರಬಂಧದಲ್ಲಿ ಅವರಿಗೆ ಕೆಲಸವಿಲ್ಲದಿದ್ದರೆ ಸುಮ್ಮನೆ ಕರೆದು ಮೂಲೆಯಲ್ಲಿ ಕೂರಿಸಬಾರದು.

ನಾಲ್ಕನೆಯದು, ಉಳಿದವನ್ನು ಸಾಲು ಹಚ್ಚಿ. ಒಂದು ಪ್ಯಾರಾಕ್ಕೆ ಒಂದೇ ಕೆಲಸ. ಮೊದಲ ಪ್ಯಾರಾ, ಏನು ನಡೀತಿದೆ: ಬಸ್ಸು, ಕೂಲಿ, ಖರ್ಚು. ಎರಡನೆಯದು, ಅಂಗಡಿಯವನು ಯಾರ ಹಂಗಿನಲ್ಲಿದ್ದಾನೆ. ಮೂರನೆಯದು, ಅವನು ಮನಸ್ಸು ಮಾಡಿದರೂ ಊರು ಅವನನ್ನು ಏನು ಮಾಡಬಲ್ಲದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ 'ಆದರೆ', 'ಇದಕ್ಕೆ ಕಾರಣ', 'ಹಾಗಿದ್ದರೂ', 'ಆದ್ದರಿಂದ' ಇವುಗಳಲ್ಲಿ ಒಂದು ಬರಬೇಕು. 'ಅಲ್ಲದೆ', 'ಮತ್ತು', 'ಇದಲ್ಲದೆ' ಅಂತಲೇ ಎಲ್ಲ ಪ್ಯಾರಾಗಳೂ ಶುರುವಾದರೆ ಎಚ್ಚರಿಕೆ: ನೀವು ಮತ್ತೆ ಇಟ್ಟಿಗೆ ರಾಶಿ ಹಾಕುತ್ತಿದ್ದೀರಿ.

ಐದನೆಯದು, ಎದುರಾಳಿಯನ್ನು ಒಳಗೆ ಕರೆಯಿರಿ. 'ಅಂಗಡಿ ಅವನದು, ಅವನಿಷ್ಟ' ಅನ್ನುವವರಿದ್ದಾರೆ. ಅವರ ಮಾತನ್ನು ಅವರು ಹೇಳುವಷ್ಟೇ ಚೆನ್ನಾಗಿ ಬರೆಯಿರಿ. ಆಮೇಲೆ ಉತ್ತರ ಕೊಡಿ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದು ಅನ್ನುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 1955ರಲ್ಲಿ ಬಂದ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಕರೆಯುವ ಕಾನೂನಿನ 6ನೇ ಸೆಕ್ಷನ್ನು ಅಸ್ಪೃಶ್ಯತೆಯ ನೆಪದಲ್ಲಿ ಸಾಮಾನು ಮಾರದಿರುವುದನ್ನೂ ಸೇವೆ ಕೊಡದಿರುವುದನ್ನೂ ಅಪರಾಧ ಮಾಡಿದೆ. ನೋಡಿ, ಗೈಡಿನಲ್ಲಿ 'ಅನೇಕ ಕಾನೂನುಗಳು' ಅಂತ ಸತ್ತು ಬಿದ್ದಿದ್ದ ಮಾತು ಇಲ್ಲಿ ಎದ್ದು ಕೆಲಸ ಮಾಡುತ್ತದೆ. ಯಾಕೆಂದರೆ ಅದಕ್ಕೆ ಸರಿಯಾದ ಜಾಗ ಸಿಕ್ಕಿದೆ.

ಬಾಬಾಸಾಹೇಬರ 'ಜಾತಿ ವಿನಾಶ' ಓದುವಾಗ ಇದನ್ನು ಗಮನಿಸಿ. ಜಾತಿ ಅಂದರೆ ಕೆಲಸದ ಹಂಚಿಕೆ ಅನ್ನುವವರು, ರಕ್ತದ ಶುದ್ಧಿ ಅನ್ನುವವರು, ಎಲ್ಲರನ್ನೂ ಸರದಿಯಲ್ಲಿ ನಿಲ್ಲಿಸಿ ಅವರ ವಾದ ಹೇಳಿ ಉತ್ತರ ಕೊಡುತ್ತಾರೆ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅವರನ್ನು ಅಧ್ಯಕ್ಷರಾಗಿ ಕರೆದು, ಬರೆದ ಭಾಷಣ ನೋಡಿ ಹೆದರಿ, ಸಮ್ಮೇಳನವನ್ನೇ ನಿಲ್ಲಿಸಿದರು. ಬಾಬಾಸಾಹೇಬರು ತಮ್ಮ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಸಭೆ ನಡೆಯಲೇ ಇಲ್ಲ. ಬರಹ ಉಳಿಯಿತು.

ಆರನೆಯದು, ಕೊನೆ. 'ಎಲ್ಲರೂ ಸಹೋದರರಂತೆ ಬಾಳೋಣ' ಬೇಡ. ನಿಮ್ಮ ವಾಕ್ಯ ನಿಜವಾದರೆ ಏನು ಮಾಡಬೇಕು? ತಪ್ಪು ಊರಿನದಾದರೆ ಅಂಗಡಿಯವನೊಬ್ಬನಿಗೆ ನೋಟೀಸು ಕೊಟ್ಟರೆ ಸಾಲದು. ಅವನಿಗೆ ಬಹಿಷ್ಕಾರ ಹಾಕುವವರ ಮೇಲೂ ಕ್ರಮ ಆಗಬೇಕು. ಇದು ಉಪಸಂಹಾರ. ಶುರುವಿನ ಪ್ಯಾರಾವನ್ನು ಎಲ್ಲ ಆದ ಮೇಲೆ ಬರೆಯಿರಿ. ಎಲ್ಲಿಗೆ ಹೋಗುತ್ತೇವೆ ಅಂತ ಗೊತ್ತಾದ ಮೇಲೆ ಹೊರಡುವುದು ಸುಲಭ.

ಪರೀಕ್ಷೆಯಲ್ಲಿ ಇಷ್ಟೆಲ್ಲ ಹೊತ್ತು ಎಲ್ಲಿದೆ ಅನ್ನುತ್ತೀರಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ ಒಂದು ಪತ್ರಿಕೆ ಇದೆ. 250 ಅಂಕ, ಮೂರು ಗಂಟೆ, ಎರಡು ಪ್ರಬಂಧ. ಕನ್ನಡದಲ್ಲೂ ಬರೆಯಬಹುದು. ಒಂದಕ್ಕೆ ತೊಂಬತ್ತು ನಿಮಿಷ. ಅದರಲ್ಲಿ ಇಪ್ಪತ್ತು ನಿಮಿಷ ಕಟ್ಟುವುದಕ್ಕೆ, ಅರವತ್ತು ಬರೆಯುವುದಕ್ಕೆ, ಹತ್ತು ಓದಿ ತಿದ್ದುವುದಕ್ಕೆ. ಪಕ್ಕದವನು ಆಗಲೇ ಎರಡನೇ ಪುಟದಲ್ಲಿದ್ದಾನೆ ಅಂತ ಗಾಬರಿಯಾಗಬೇಡಿ. ಕಾಲೇಜು ಪರೀಕ್ಷೆಯಲ್ಲಿ ಅರ್ಧ ಗಂಟೆಯೇ ಇದ್ದರೆ ಐದು ನಿಮಿಷ ಕಟ್ಟಿ. ಶುರುವಿನ ಪ್ಯಾರಾ ಕೊನೆಗೆ ಬರೆಯಲು ಜಾಗ ಸಿಗುವುದಿಲ್ಲ ಅನ್ನುವವರು ಮೇಲೆ ನಾಲ್ಕು ಗೆರೆ ಖಾಲಿ ಬಿಡಿ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಹುಡುಗರು ಅಕಾರ ಹಕಾರ ತಪ್ಪಿದರೆ ಕ್ಲಾಸಿನಲ್ಲಿ ನಗುತ್ತಾರೆ. ಆ ನಗೆಗೆ ಹೆದರಿ ನಾವು ಗೈಡಿನ ಸಂಸ್ಕೃತದ ವಾಕ್ಯಗಳ ಹಿಂದೆ ಅವಿತುಕೊಳ್ಳುತ್ತೇವೆ. ತಪ್ಪಿಲ್ಲದ ವಾಕ್ಯ, ಆದರೆ ನಮ್ಮದಲ್ಲ. ಅಕ್ಷರದ ತಪ್ಪು ತಿದ್ದಿಕೊಳ್ಳಲೇಬೇಕು, ಅಂಕ ಹೋಗುತ್ತದೆ, ಮರ್ಯಾದೆ ಹೋಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನೀವು ತಪ್ಪುವ ಪದಗಳನ್ನು ಬರೆದಿಟ್ಟು ದಿನಾ ಹತ್ತು ನಿಮಿಷ ನೋಡಿದರೆ ಅದು ಕೆಲವು ತಿಂಗಳ ಕೆಲಸ. ಆದರೆ ಕಾಗುಣಿತ ಸರಿಯಾದ ಮೇಲೆ ಯೋಚಿಸೋಣ ಅಂತ ಕಾಯಬೇಡಿ. ಎರಡೂ ಜೊತೆಗೇ ನಡೆಯಲಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ? 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತು ನಿಮಗೆ ಗೊತ್ತು. 'ಬೂಸಾ' ಎಂಬ ಒಂದು ಪದ ನಾಡೆಲ್ಲ ಸುತ್ತಿತು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿ ಪದವಿ ಬಿಟ್ಟರು. ಆ ಪದದ ಹಿಂದಿದ್ದ ಪ್ರಶ್ನೆ, ಈ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿದೆ ಅನ್ನುವ ಪ್ರಶ್ನೆ, ಎಷ್ಟು ಜನರ ಕಿವಿಗೆ ಬಿತ್ತು? ನಮ್ಮ ಮಾತಿನಿಂದ ಒಂದು ಪದ ಕಿತ್ತುಕೊಂಡು ಓಡುವುದು ಅವರಿಗೆ ಯಾವಾಗಲೂ ಸುಲಭ. ಆ ಪ್ರಶ್ನೆಯನ್ನು ಆಮೇಲೆ ಉಳಿಸಿದವರು ಅದನ್ನು ಕೂತು, ಬರೆದು, ಕಾರಣ ಕೊಟ್ಟು, ಪತ್ರಿಕೆ ಮಾಡಿ ಹಂಚಿದವರು. ಅವರಲ್ಲಿ ಎಷ್ಟೋ ಜನ ಹಾಸ್ಟೆಲ್ ಹುಡುಗರೇ.

ನಾನು ಪದ್ಯ ಬರೆಯುವವನು. ಪದ್ಯದಲ್ಲಿ ಸಿಟ್ಟು ಒಂದೇ ಹಾರಿಗೆ ಆಚೆ ದಡ ಮುಟ್ಟಬಹುದು. ಅರ್ಜಿಯಲ್ಲಿ, ಪ್ರಬಂಧದಲ್ಲಿ ಹಾಗಾಗುವುದಿಲ್ಲ. ಓದುವವನನ್ನು ಕೈಹಿಡಿದು ಕಲ್ಲಿನಿಂದ ಕಲ್ಲಿಗೆ ಕಾಲಿಡಿಸಿ ದಾಟಿಸಬೇಕು. ಒಂದು ಕಲ್ಲು ತಪ್ಪಿದರೆ ಅವನು ಅಲ್ಲೇ ನಿಂತು 'ಇವರದು ಬರೀ ಕೂಗಾಟ' ಅಂತ ವಾಪಸು ಹೋಗುತ್ತಾನೆ. ಸಿಟ್ಟು ಬಿಡಿ ಅಂತ ನಾನು ಹೇಳುತ್ತಿಲ್ಲ. ಸಿಟ್ಟನ್ನು ಸಾಲಾಗಿ ನಿಲ್ಲಿಸಿ ಅಂತಿದ್ದೇನೆ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಮಾಡಿ. ಒಂದು ರೂಮಿಗೆ ನಾಲ್ವರು ಕೂತುಕೊಳ್ಳಿ. ವಿಷಯ: 'ನಮ್ಮ ಹಾಸ್ಟೆಲಿನ ನೀರು'. ಒಬ್ಬೊಬ್ಬರೂ ಮೊದಲು ಒಂದು ವಾಕ್ಯ ಬರೆಯಿರಿ. ವಾಕ್ಯ ಸರಿಯಾಗುವವರೆಗೆ ಮುಂದೆ ಹೋಗಬೇಡಿ. ಆಮೇಲೆ ನಾಲ್ಕು ಪ್ಯಾರಾ, ಬೇರೆ ಬೇರೆ ಚೀಟಿಯಲ್ಲಿ. ಚೀಟಿಗಳನ್ನು ಕಲೆಸಿ ಪಕ್ಕದವರಿಗೆ ಕೊಡಿ. ಅವರು ನೀವು ಬರೆದ ಕ್ರಮದಲ್ಲೇ ಜೋಡಿಸಿದರೆ ನೀವು ಗೆದ್ದಿರಿ. ಜೋಡಿಸಲಾಗದಿದ್ದರೆ ಎಲ್ಲಿ ತಬ್ಬಿಬ್ಬಾಯಿತು ಅಂತ ಕೇಳಿ, ಅಲ್ಲಿ ತಿದ್ದಿ. ದೊಡ್ಡ ಕ್ಲಾಸಿನವರು ಚಿಕ್ಕ ಕ್ಲಾಸಿನವರನ್ನು ಜೊತೆಗೆ ಕೂರಿಸಿಕೊಳ್ಳಿ. ಯಾರದೂ ನೋಡಿ ನಗಬೇಡಿ. ನಗುವವರು ಹೊರಗೆ ಬೇಕಾದಷ್ಟಿದ್ದಾರೆ.

ನಾಲ್ಕರಲ್ಲಿ ಚೆನ್ನಾಗಿರುವುದನ್ನು ಬೆಳಿಗ್ಗೆ ಎಲ್ಲರೂ ರುಜು ಹಾಕಿ ವಾರ್ಡನ್ನಿಗೆ ಕೊಡಿ. ಪ್ರತಿ ಒಂದು ಇಟ್ಟುಕೊಂಡು, ತಲುಪಿತು ಅಂತ ಇನ್ನೊಂದು ಪ್ರತಿಯ ಮೇಲೆ ರುಜು ಹಾಕಿಸಿಕೊಳ್ಳೋದು ಮರೆಯಬೇಡಿ. ಪ್ರಬಂಧಕ್ಕೆ ಅಂಕ ಕೊಡುವವರು ಮೇಷ್ಟ್ರು ಮಾತ್ರ ಅಲ್ಲ. ನಲ್ಲಿಯಲ್ಲಿ ನೀರು ಬಂದರೆ ಅದೂ ಅಂಕವೇ.

ಜೈ ಭೀಮ್.